ಕಾಮನ ಹಬ್ಬದಲ್ಲಿ ನಾನು ಹೆಣವಾದದ್ದು

ಶಿಕಾರಿಪುರ, ೭-೩-೧೯೫೮

ಅಕ್ಕನಿಗೆ ತಮ್ಮ ಗಂಗಾಧರನ ಶರಣು.

ಬಸವಣ್ಯಪ್ಪ ಮಾವ ನಮ್ಮೂರು ಜಡೆಗೆ ಬಂದು ಏನೇ ಹೇಳಿದ್ದರೂ ನಾನು ಬದುಕಿದ್ದೇನೆ. ಅವ್ವ ಹೆದರಬಾರದೆಂದು ಕಾರ್ಡಿನ ಮೂಲೆಗೆ ಅರಿಶಿನ ಹಚ್ಚಿದ್ದೇನೆ.

ಈ ಊರಿನ ಕಾಮನ ಹಬ್ಬ ನಮ್ಮಲ್ಲಿಯಂತಲ್ಲ. ಬಣ್ಣದ ದಿನ ಜೀವಂತ ಮನುಷ್ಯನೊಬ್ಬನನ್ನು ಚಟ್ಟದ ಮೇಲೆ ಮಲಗಿಸಿ, ಹಲಗೆ ಬಡಿಯುತ್ತಾ ಪೇಟೆಯೆಲ್ಲ ಮೆರವಣಿಗೆ ಮಾಡುತ್ತಾರೆ. ಯಾರು ಎಷ್ಟು ನಗಿಸಿದರೂ ಹೆಣ ನಗಬಾರದು. ಹೊಸಬನೆಂದು ಮಂಡಿಯ ಗೆಳೆಯರು ಈ ಸಲ ನನ್ನನ್ನೇ ಮಲಗಿಸಿದರು. ಪಕ್ಕದ ಕೋಣೆಯ ದರ್ಜಿ ಹಬೀಬುಲ್ಲಾ ಸೀರೆಯುಟ್ಟು ನನ್ನ ಹೆಂಡತಿಯಾದ. "ಬೀಡಿ ಕಟ್ಟು ಯಾರಿಗೆ ಬಿಟ್ಟು ಹೋದ್ಯೋ ನನ್ ರಾಜಾ" ಎಂದು ಎದೆ ಬಡಿದುಕೊಂಡು ಅತ್ತ. ನಾನು ನಗಲಿಲ್ಲ. (ಬೀಡಿಯ ಮಾತು ಬರೀ ತಮಾಷೆಗೆ.)

ಬಸ್ ಸ್ಟ್ಯಾಂಡಿನ ಹತ್ತಿರ ಮಾವ ಎದುರಾದರು. ಬಗ್ಗಿ ನೋಡಿ, ಬಣ್ಣದ ನಡುವೆಯೂ ಗುರುತು ಹಿಡಿದು ಗಳಗಳನೆ ಅತ್ತರು. ಮರುಗಳಿಗೆಗೆ ಸಿಟ್ಟೇರಿ ಚಟ್ಟಕ್ಕೆ ಅಡ್ಡ ನಿಂತರು.

"ನಾವು ಲಿಂಗವಂತ್ರು ಕಣ್ರೀ. ನಮ್ಮಲ್ಲಿ ಹೆಣಾನ ಕೂರ್ಸಿ ಹೊರೋದು. ನಮ್ ಹುಡುಗನ್ನ ಹಿಂಗೆ ಮಲಗ್ಸಿ ಹೊತ್ಕಂಡು ಹೋಗ್ತೀರೇನ್ರೀ? ಮೊದ್ಲು ಕೂರ್ಸಿ."

ಹಿರಿಯರ ಮಾತು ಮೀರಲಾಗದೆ ನಾನೇ ಎದ್ದು ಕೂತೆ.

ಕರೆದರೂ ನಿಲ್ಲದೆ ಮಾವ ಓಡಿಹೋಗಿ ಸೊರಬದ ಬಸ್ಸು ಹತ್ತಿಬಿಟ್ಟರು.

ಎಡಗಣ್ಣಿಗೆ ಬಣ್ಣ ಬಿದ್ದು ಕೆಂಪಾಗಿದೆ, ಮತ್ತೆಲ್ಲ ಆರಾಮ. ಮಾವ ಬಿಟ್ಟೋಡಿದ ಕೊಡೆ ನನ್ನ ಬಳಿಯಿದೆ. ಭಾನುವಾರ ನಾನೇ ತಂದುಕೊಡುತ್ತೇನೆ. ಹಗಲು ಹೊತ್ತಿನಲ್ಲೇ ಬರುತ್ತೇನೆಂದು ಅವರಿಗೆ ಹೇಳಿಡು.

ಗಂಗಾಧರ