ಸಾಲು ತಪ್ಪಿದ ‘ಲೇಟ್’

೧೨-೮-೯೬, ಸೋಮವಾರ

ಮತ್ತೆ ಅದೇ ಹಾಲಿನ ಸಂಘದ ಮತದಾರರ ಪಟ್ಟಿ. ಅದೇ ದರಿದ್ರ. ‘ಕ್ಕ’ ನಮ್ಮ ಕಣ್ಣಿಗೆ ಒಂದು ಅಕ್ಷರ, ಕಂಪ್ಯೂಟರಿಗೆ ಮೂರು. ಸಾಲಿನಲ್ಲಿ ಜಾಗ ಇದ್ದರೂ ತುಂಬಿತು ಅಂದುಕೊಂಡು ಕೊನೆಯ ಪದವನ್ನು ಕೆಳಗೆ ತಳ್ಳುತ್ತದೆ. ಅದರ ಪಕ್ಕದಲ್ಲೇ ಮುಂದಿನವರ ಹೆಸರು ಶುರು. ಇಂಗ್ಲಿಷ್ ಕೊಟ್ಟರೆ ರಾಜಮರ್ಯಾದೆ. ನಮ್ಮ ಚಿಕ್ಕಬೋರಯ್ಯ, ದೊಡ್ಡಬೋರಯ್ಯ ಬಂದರೆ ವಾಂತಿ.

ಪ್ರೋಗ್ರಾಂ ಬರೆದವನು ನಾನೇ. ಹೊಲಸು ಕೆಲಸ. ಎರಡು ದಿನ ಕೊಡಿ, ಸರಿ ಮಾಡುತ್ತೇನೆ ಅಂದೆ. ನಮ್ಮ ಕಂಪ್ಯೂಟರ್ ಅಂಗಡಿ ಯಜಮಾನ ಶಿವಶಂಕರಣ್ಣ ಕೇಳಲಿಲ್ಲ.

“ಒಂದ್ ಪದ ಕೆಳಿಕ್ ಬಿದ್ರೆ ಏನ್ಲಾ ರವೀಂದ್ರ? ಕಾಗ್ದದ್ ಮೇಲೇ ಅದೆ ತಾನೆ. ಕೊಟ್ಟು ಕಳ್ಸು.”

ಸದಸ್ಯ ಸತ್ತರೆ ಷೇರು ವಾರಸುದಾರರಿಗೆ ವರ್ಗವಾಗುವ ತನಕ ಹೆಸರು ತೆಗೆಯುವುದಿಲ್ಲ. ಸಾಲಿನ ಕೊನೆಗೆ ‘ಲೇಟ್’ ಅಂತ ಹಾಕುತ್ತಾರೆ, ಅಷ್ಟೆ. ಅದು ಇದ್ದವರಿಗೆ ಓಟಿಲ್ಲ. ಒಂದೆರಡು ಕಡೆ ಆ ‘ಲೇಟ್’ ಕೂಡ ಕೆಳಗೆ ಬಿದ್ದಿತ್ತು. ನೋಡಿದೆ. ಕೊಟ್ಟು ಕಳಿಸಿದೆ.

೨೧-೮-೯೬, ಮಧ್ಯಾಹ್ನ

ಕಿಕ್ಕೇರಿ ಆಚೆಯಿಂದ ಒಬ್ಬ ಮುದುಕ ಬಂದ. ಹೆಸರು ಮರಿಯಯ್ಯ. ಕೈಯಲ್ಲಿ ನಮ್ಮ ಪಟ್ಟಿಯ ಹಾಳೆ.

“ನನ್ನ ಸಾಯ್ಸಿರೋದು ಇಲ್ಲೇಯೇನಪ್ಪ?”

ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಹಾಳೆ ನೋಡಿದೆ. ೧೧೬, ಚಿಕ್ಕಬೋರಯ್ಯ ಬಿನ್ ದೊಡ್ಡಬೋರಯ್ಯ. ಸಾಲು ಮುಗಿದಿದೆ. ಕೆಳಗಿನ ಸಾಲು: ಲೇಟ್ ೧೧೭, ಮರಿಯಯ್ಯ.

“ಚಿಕ್ಕಬೋರನ ಮಣ್ಣಿಗೆ ನಾನೇ ಹೋಗಿದ್ನಲ್ಲಪ್ಪ. ಈಗ ಅವನಿಗೆ ಓಟದೆ, ನಂಗಿಲ್ಲ. ಬೆಳಗ್ಗೆನೂ ಡೈರಿಗೆ ಹಾಲ್ ಹಾಕ್ಬಂದೆ. ಸತ್ತೋನ್ ಹಾಲ ಯಂಗ್ ತಕ್ಕಂಡ್ರು?”

ಯಜಮಾನರು ಟೀ ತರಿಸಿಕೊಟ್ಟರು. “ಕಂಪ್ಯೂಟರ್ ತಪ್ಪು ಮಾಡಲ್ಲ ಯಜಮಾನ್ರೆ, ಸಂಘದಲ್ಲೇ ವಿಚಾರ್ಸಿ” ಅಂದರು. ನಾನು ಕೀಬೋರ್ಡಿನ ಧೂಳು ಒರೆಸುತ್ತಾ ಕೂತಿದ್ದೆ. ಥೂ ನನ್ನ ಜನ್ಮಕ್ಕೆ.

೨೨-೮-೯೬

ಸರಿ ಮಾಡಿದೆ. ಒತ್ತು, ಕೊಂಬು ಎಲ್ಲ ಸೇರಿ ಒಂದೇ ಅಕ್ಷರ ಅಂತ ಎಣಿಸಲು ಹೇಳಿದೆ. ಪ್ರತಿ ಸದಸ್ಯನಿಗೂ ಹೊಸ ಸಾಲು. ಮೂರು ಗಂಟೆ ಹಿಡಿಯಿತು… ಮೂರೇ ಗಂಟೆ. ಹಳೆಯದರ ಜೊತೆ ಹೋಲಿಸಿದೆ. ಅದರಲ್ಲಿ ಹದಿನಾಲ್ಕು ಜನ ಸತ್ತವರು ಎದ್ದಿದ್ದಾರೆ, ಹದಿನಾಲ್ಕು ಜನ ಬದುಕಿದ್ದವರು ಸತ್ತಿದ್ದಾರೆ.

ಸಂಘದ ಕಾರ್ಯದರ್ಶಿ ಅಶೋಕನಿಗೆ ಫೋನ್ ಮಾಡಿದೆ. ಖುಷಿಯಾಗಿ ಓಡಿ ಬರುತ್ತಾನೆ ಅಂದುಕೊಂಡಿದ್ದೆ, ಪೆದ್ದ.

ಬಂದ. ಹೊಸ ಪಟ್ಟಿ ನೋಡಿದ. ನೀಟಾಗಿ ಮಡಿಸಿ ನನ್ನ ಮೇಜಿನ ಮೇಲೇ ಇಟ್ಟ.

“ಚೆನ್ನಾಗ್ ಬಂದದೆ. ನಿನ್ತಾವೇ ಇರ್ಲಿ. ಗ್ವಾಡೆಗ್ ಅಂಟ್ಸಿರೋದೇ ಸಾಕು ಬುಡು.”

“ಸತ್ತವರ ಓಟು ಯಾರು ಹಾಕ್ತಾರೆ?”

“ಹಾಕೋರ್ಗೇನ್ ಬರವೇ? ಮರಿಯಯ್ಯ ಬದ್ಕಿದ್ರೆ ನಮಗ್ ಓಟ್ ಹಾಕ್ತಿದ್ನಾ?”

ಯಜಮಾನರು ನಕ್ಕರು. ಬಿಸ್ಕತ್ತು ತಿನ್ನುತ್ತಾ ನಕ್ಕರು.

೨೪-೮-೯೬

ಮರಿಯಯ್ಯ ಮತ್ತೆ ಬಂದ. ತಿದ್ದಿಸಲು ಸೋಮವಾರ ಕೊನೇ ದಿನವಂತೆ. ತಪ್ಪು ನಮ್ಮದು ಅಂತ ಅಚ್ಚು ಮಾಡಿದವರು ಬರೆದುಕೊಟ್ಟರೆ ತಿದ್ದುತ್ತೇನೆ ಎಂದಿದ್ದಾರಂತೆ ಚುನಾವಣಾಧಿಕಾರಿ.

“ಡೈರಿ ಬಾಗ್ಲು ತೆಗ್ದಾಗಿಂದ ಹಾಲ್ ಹಾಕಿವ್ನಿ ಕಣಪ್ಪ. ಅಷ್ಟ್ ಬರ್ಕೊಡು.”

ಅವನು ಹೋದ ಮೇಲೆ ಯಜಮಾನರು ಕರೆದರು. “ಬರ್ಕೊಟ್ರೆ ಈ ತಾಲ್ಲೂಕ್ನಲ್ಲಿ ಒಂದ್ ಸಂಘದ್ ಕೆಲ್ಸಾನೂ ನಮಗ್ ಬರಲ್ಲ. ಆಮೇಲ್ ನೀನೂ ಬರ್ಬ್ಯಾಡ.”

ತಲೆ ಆಡಿಸಿದೆ. ಯಾವುದಕ್ಕೆ ಆಡಿಸಿದೆನೋ.

೨೬-೮-೯೬, ಬೆಳಗ್ಗೆ ೬.೪೦

ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡ್. ಕಿಕ್ಕೇರಿ ಬಸ್ಸು ಏಳಕ್ಕೆ. ಚುನಾವಣಾಧಿಕಾರಿ ಇವತ್ತು ಸಂಘದಲ್ಲೇ ಇರುತ್ತಾರಂತೆ. ಬ್ಯಾಗಿನಲ್ಲಿ ಸರಿಯಾದ ಪಟ್ಟಿ. ಅಂಗಡಿ ಬೀಗದ ಕೈಯನ್ನು ಯಜಮಾನರ ಮನೆ ಬಾಗಿಲಿಗೆ ಸಿಕ್ಕಿಸಿ ಬಂದೆ.

ಪತ್ರ ಇನ್ನೂ ಮುಗಿದಿಲ್ಲ. ಮೊದಲು ‘ಕಂಪ್ಯೂಟರ್ ದೋಷ’ ಅಂತ ಬರೆದಿದ್ದೆ. ಓದಿದರೆ ಹೇಸಿಗೆಯಾಯಿತು. ಹೊಡೆದುಹಾಕಿದೆ. ಈ ಪುಸ್ತಕದಲ್ಲೇ ಒಂದು ಸಲ ಬರೆದು ನೋಡುತ್ತೇನೆ.

ಮಾನ್ಯರೆ, ೧೧೭ನೇ ಸದಸ್ಯ ಮರಿಯಯ್ಯನವರು ಬದುಕಿದ್ದಾರೆ. ಹನ್ನೆರಡನೇ ತಾರೀಖೇ ತಪ್ಪು ಕಣ್ಣಾರೆ ಕಂಡು, ಆ ಪಟ್ಟಿಯನ್ನು ಹಾಗೆಯೇ ಕೊಟ್ಟು ಕಳಿಸಿದವನು ನಾನು, ರವೀಂದ್ರ ಬಿನ್…

ಬಸ್ಸು ಬಂತು, ಅಪ್ಪನ ಹೆಸರು ಕೆಳಗಿನ ಸಾಲಿಗೆ.