ನಿನ್ನ ಬೆನ್ನಿನ ಗುದ್ದು

ಹೊಸಪೇಟೆ
೨೦-೩-೨೦೦೬, ಸೋಮವಾರ

ಪ್ರೀತಿಯ ಶಾಂಭವಿ,

ಹೇಗಿದ್ದೀಯಮ್ಮಾ? ಕೀನ್ಯಾದಲ್ಲಿ ಸೊಳ್ಳೆ ಕಾಟ ವಿಪರೀತ ಎಂದು ಯಾರೋ ಹೇಳಿದ್ದಕ್ಕೆ ನಿನ್ನಣ್ಣ ಎರಡು ಹೊತ್ತು ಸರಿಯಾಗಿ ಊಟ ಮಾಡಲಿಲ್ಲ. ಮಲೇರಿಯಾ ಗುಳಿಗೆ ತಪ್ಪಿಸಬೇಡ. ಅತ್ತೆಯವರ ಮಂಡಿನೋವು ಹಾಗೇ ಇದೆ. ಮಗಳು ಕೆಮ್ಮುತ್ತಾಳೆ. ಕಿಟಕಿಗೆ ಒದ್ದೆ ಸೀರೆ ಕಟ್ಟಿದರೂ ಬೆಳಗಾದರೆ ತೊಟ್ಟಿಲ ಬಟ್ಟೆಯ ಮೇಲೆ ಕೆಂಪು ಧೂಳು. ಅವಳ ಉಸಿರು ನೋಡುತ್ತಾ ಕೂತವಳಿಗೆ ನಿದ್ದೆ ಎಲ್ಲಿಂದ ಬರಬೇಕು? ನೀನು ಕಳಿಸಿದ ಶಾಲೆಯ ಫೋಟೋ ಬಂತು. ನೀಲಿ ಸ್ವೆಟರಿನ ಮಕ್ಕಳು ನಿನ್ನ ಕೊರಳಿಗೆ ಜೋತುಬಿದ್ದಿರುವುದು ಬಹಳ ಚೆನ್ನಾಗಿದೆ. ಅತ್ತೆ ಅದನ್ನು ದೇವರ ಜಗಲಿಯ ಮೇಲಿಟ್ಟು, "ನನ್ನ ಮಗಳು ಮಂದಿ ಮಕ್ಕಳಿಗೆ ತಾಯಿ ಆಗ್ಯಾಳ ನೋಡ್ರಿ" ಎಂದು ಹಾಲಿನವಳಿಗೂ ತೋರಿಸುತ್ತಾರೆ.

ನನಗೆ ನೆನಪಾದದ್ದು ಇನ್ನೊಂದು ಫೋಟೋ. ಡಿಗ್ರಿ ಮುಗಿಸಿ, ಎಂ.ಎ.ಗೆ ಸೇರುವ ಮೊದಲು ಒಂದು ವರ್ಷ ಸೇವೆ ಮಾಡುತ್ತೇನೆಂದು ನಮ್ಮ ಅದಿರಿನ ಯಾರ್ಡಿನ ತಗಡಿನ ಶೆಡ್ಡಿನಲ್ಲಿ, ಕಲ್ಲು ಒಡೆಯುವವರ ಮಕ್ಕಳನ್ನು ಕೂರಿಸಿಕೊಂಡು ತೆಗೆಸಿದ್ದೆಯಲ್ಲ, ಅದು. ಅದನ್ನೇ ಅರ್ಜಿಗೆ ಹಚ್ಚಿದೆ, ಆ ಸಂಸ್ಥೆಯವರು ನಿನ್ನನ್ನು ಕೀನ್ಯಾಕ್ಕೆ ಆರಿಸಿದರು. ಮಕ್ಕಳಿಗೆ "ಸ್ವಾಮಾರ ಬರ್ತೀನ್ರೋ" ಎಂದು ಹೇಳಿ ವಿಮಾನ ಹತ್ತಿದೆ. ಅದಕ್ಕೂ ಮುಂಚೆ ನನ್ನ ಕೈ ಹಿಡಿದು, "ತವರಿನ್ಯಾಗ ಅವ್ವ ಇಲ್ಲಂತ ಅಳಬ್ಯಾಡ ಅತ್ತಿಗಿ, ಹೆರಿಗಿಗೆ ನಾ ಇರ್ತೀನಿ" ಎಂದಿದ್ದೆ. ಸೋಮವಾರಗಳು ಬಂದವು, ನೀನು ಬರಲಿಲ್ಲ. ಮಕ್ಕಳು ಸ್ಲೇಟು ಹಿಡಿದು ನಮ್ಮ ಗೇಟಿಗೇ ಬಂದು "ಟೀಚರ್ ಎಲ್ಲಿ?" ಎಂದು ಕೇಳತೊಡಗಿದರು. ಕೊನೆಗೆ ತುಂಬಿದ ಬಸುರಿ ನಾನೇ ಹೋಗಿ ಕೂತೆ. ನೋವು ಶುರುವಾದದ್ದೂ ಆ ಶೆಡ್ಡಿನಲ್ಲೇ. ಅಲ್ಲಿ ಕಲ್ಲು ಒಡೆಯುವ ದುರುಗವ್ವ ರಸ್ತೆಗೆ ಅಡ್ಡ ನಿಂತು ಟಿಪ್ಪರ್ ನಿಲ್ಲಿಸಿ, ಆಸ್ಪತ್ರೆ ಮುಟ್ಟುವವರೆಗೂ ನನ್ನನ್ನು ತನ್ನ ಎದೆಗೆ ಆನಿಸಿಕೊಂಡಿದ್ದಳು. ಆ ವಾರ ನಿನ್ನಿಂದ ಬಂದದ್ದು ಜಿರಾಫೆಯ ಚಿತ್ರದ ಒಂದು ಕಾರ್ಡು.

ಅಷ್ಟಾದರೂ ಮಗುವಿಗೆ ಹೆಸರಿಡುವ ಹಕ್ಕು ಸೋದರತ್ತೆಯದೇ ಎಂದು ಅತ್ತೆ ಪಟ್ಟು ಹಿಡಿದರು. ತಿಂಗಳುಗಟ್ಟಲೆ ನನ್ನ ಮಗಳು ಬರೀ "ಪಾಪು". ಡಾಕ್ಟರು ಹೆಸರು ಕೇಳಿದಾಗಲೆಲ್ಲ ಸೆರಗು ಸರಿಮಾಡಿಕೊಳ್ಳುವುದೇ ನನ್ನ ಉತ್ತರ. ಒಂದು ಆಸೆ ಮಾತ್ರ ಇತ್ತು, ಹೇಳಿಬಿಡುತ್ತೇನೆ. ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವಾಗ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರಲ್ಲ, ಆ ಗುದ್ದಿಗಾಗಿ ನಾನು ಕೈ ಕಾಯ್ದಿರಿಸಿದ್ದೆ. ಉಳಿದವರದು ತಮಾಷೆ, ನನ್ನದು ಹಾಗಿರುತ್ತಿರಲಿಲ್ಲ. ನೀನು ಅದನ್ನೂ ತಪ್ಪಿಸಿಕೊಂಡೆ. "ಫೋನಿನ್ಯಾಗ ಕೂಗ್ತೀನಿ, ರಿಸೀವರ್ ಕಿವಿಗೆ ಹಿಡೀರಿ, ಅಲ್ಲೀತನ ಹೆಸರು ಗುಟ್ಟು" ಎಂದೆ. ನಿನ್ನಣ್ಣನ ಮೊಬೈಲಿಗೆ ಮಾಳಿಗೆಯ ಮೇಲೆ ಮಾತ್ರ ಟವರ್ ಸಿಗುವುದರಿಂದ ಲ್ಯಾಂಡ್‌ಲೈನನ್ನೇ ತೊಟ್ಟಿಲ ಪಕ್ಕದ ಸ್ಟೂಲಿಗೆ ತಂದಿಟ್ಟರು. ಓಣಿಯ ಹೆಂಗಸರೆಲ್ಲ ಫೋನಿಗೆ ಮುಖಮಾಡಿ ಕೂತರು.

ಫೋನು ಬರಲಿಲ್ಲ. ನಿನ್ನಣ್ಣ ಎತ್ತಿ ನೋಡಿ, "ಡೆಡ್ ಐತಿ. ಟಿಪ್ಪರ್‌ನವ್ರು ಮತ್ತ ಕೇಬಲ್ ಕಿತ್ತಿರಬೇಕು" ಎಂದರು. ಅಯ್ಯನವರು ಕೊಟ್ಟ ಹೊತ್ತು ಮೀರುತ್ತಿತ್ತು, ಅತ್ತೆ ಕಣ್ಣೊರೆಸಿಕೊಳ್ಳುತ್ತಿದ್ದರು. ಊಟಕ್ಕೆಂದು ಮಕ್ಕಳನ್ನು ಕರೆತಂದ ದುರುಗವ್ವ ಬಾಗಿಲಾಚೆ ನಿಂತಿದ್ದಳು. ನಾನು ಎದ್ದು ಹೋಗಿ ಅವಳ ಕೈ ಹಿಡಿದು ಒಳಗೆ ಕರೆತಂದೆ. "ನಾ ಯಾಕವ್ವಾ, ಬ್ಯಾಡ" ಎಂದಳು. ಅತ್ತೆ "ಶೈಲಾ!" ಎಂದರು. ನಿನ್ನಣ್ಣ, ಎಂದೂ ಬಾಯಿ ಬಿಡದವರು, "ಆಕೀ ಇರಲಿಲ್ಲಂದ್ರ ತೊಟ್ಟಿಲಾನೇ ಇರ್ತಿದ್ದಿಲ್ಲ. ನನಗ ಅಕ್ಕ ಇದ್ದಂಗ" ಎಂದುಬಿಟ್ಟರು. ದುರುಗವ್ವ ಬಗ್ಗಿ ಹೆಸರು ಹೇಳಿದಳು. ಹೆಂಗಸರು ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಅವಳ ಬೆನ್ನು ಮುಟ್ಟಲು ಒಬ್ಬರಿಗೂ ಮನಸ್ಸಿಲ್ಲ. ನಾನು ಗುದ್ದಿದೆ. ನಿನಗೆಂದು ಇಟ್ಟುಕೊಂಡಿದ್ದನ್ನೇ ಗುದ್ದಿದೆ. "ಯವ್ವಾ! ಯಾರ ಮ್ಯಾಲಿನ ಸಿಟ್ಟವ್ವಾ ಇದು, ನನ್ ಬೆನ್ನಿಗೆ ಹಾಕ್ತೀ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಮಗಳ ಹೆಸರು ಹಂಪಮ್ಮ, ದುರುಗವ್ವನ ತಾಯಿಯ ಹೆಸರು. ಮುಂದೆ ಇಂಗ್ಲಿಷ್ ಶಾಲೆಯಲ್ಲಿ ನಕ್ಕಾರು ಎಂಬ ಹೆದರಿಕೆ ಇದೆ, ಆದರೆ ಹಾಗೆ ಕೂಗಿದರೆ ಅವಳು ತಿರುಗಿ ನೋಡುತ್ತಾಳೆ. ನಿನಗೆಂದು ತಂದಿದ್ದ ಇಳಕಲ್ ಸೀರೆಯನ್ನು ದುರುಗವ್ವ ಉಟ್ಟಿದ್ದಾಳೆ. ನೀನು ಆರಿಸಿಟ್ಟ ಹೆಸರು ಏನೆಂದು ನನಗೆ ಬರೆಯಬೇಡ.

ಅಲ್ಲಿನ ಮಕ್ಕಳಿಗೆ ನನ್ನ ಅಕ್ಕರೆ ತಿಳಿಸು. ಬಿಟ್ಟು ಬರುವ ದಿನ ಅವರಿಗೆ ಸೋಮವಾರದ ಸುಳ್ಳು ಹೇಳಬೇಡ. ಅತ್ತೆ ನಿನಗೆ ದಿನಾ ವಿಭೂತಿ ತೆಗೆದಿಡುತ್ತಾರೆ.

ನಿನ್ನ ಅತ್ತಿಗೆ,
ಶೈಲಜಾ

ಮರೆತಿದ್ದೆ: ಪೋಸ್ಟಿಗೆ ಹೋಗುವವರು ಬಾಗಿಲಲ್ಲಿದ್ದಾರೆ, ಬೇಗ ಬರೆಯುತ್ತೇನೆ. ಟಿಪ್ಪರ್‌ನವರು ಯಾವ ಕೇಬಲ್ಲನ್ನೂ ಕಿತ್ತಿರಲಿಲ್ಲ. ಅಲಮಾರಿಯ ಹಿಂದೆ ಕೈ ಹಾಕಿ ಫೋನಿನ ವೈರು ಎಳೆದವಳು ನಾನು, ಮರುದಿನ ಸಿಕ್ಕಿಸಿದವಳೂ ನಾನೇ. "ಮಧ್ಯಾಹ್ನಪೂರಾ ಹಚ್ಚಿ ಹಚ್ಚಿ ಅಳ್ತಾ ಕುಂತಿದ್ದೆ ಅತ್ತಿಗಿ" ಎಂದು ಫೋಟೋ ಜೊತೆಗಿನ ಕಾಗದದಲ್ಲಿ ಬರೆದಿದ್ದೆಯಲ್ಲ, ಗೇಟಿನ ಹತ್ತಿರ ಸ್ಲೇಟು ಹಿಡಿದು ನಿಂತವರೂ ಹಾಗೇ ಕಾದಿದ್ದರು. ಅತ್ತೆಗೆ ಹೇಳುವುದಾದರೆ ಹೇಳು. ದುರುಗವ್ವನಿಗೆ ಬಿದ್ದ ಗುದ್ದು ಲೆಕ್ಕಕ್ಕಿಲ್ಲ, ನಿನ್ನದು ಇನ್ನೂ ಇದೆ. ಬೆನ್ನು ಗಟ್ಟಿ ಮಾಡಿಕೊಂಡು ಬಾ.