ಹತ್ತರ ಗೆರೆ

ವರ್ಕ್‌ಶಾಪು,
ಬುಧವಾರ ಮಧ್ಯಾಹ್ನ

ನನ್ನ ಗುಬ್ಬಿಗೆ,

ಅಮ್ಮನ ಆಶೀರ್ವಾದ. ಊಟ ಮಾಡಿದ ಮೇಲೆ ಓದು, ಹಸಿದ ಹೊಟ್ಟೆಯಲ್ಲಿ ಓದುವ ಪತ್ರ ಇದಲ್ಲ. ನೀನಿರುವುದು ಮೂರನೇ ಮಹಡಿಯಲ್ಲಿ, ನಾನು ಅದೇ ಕಟ್ಟಡದ ನೆಲಮಾಳಿಗೆಯಲ್ಲಿ. ಆದರೂ ಕಾಗದ ಬರೆಯುತ್ತಿದ್ದೇನೆಂದರೆ ಮುಖ ತೋರಿಸುವ ಧೈರ್ಯ ಇಲ್ಲ ಎಂದೇ ತಿಳಿ. ನಿನ್ನೆ ಮೆಟ್ಟಿಲು ಹತ್ತಿ ಬಂದಿದ್ದೆ. ನಿನ್ನ ಮುಖ ನೋಡಿದ್ದೇ, ಸ್ಕ್ರೂಡ್ರೈವರ್ ಇದೆಯಾ ಎಂದು ಕೇಳಿ ಇಳಿದುಬಿಟ್ಟೆ. ಇಡೀ ಸಂಸ್ಥೆಗೆ ಸ್ಕ್ರೂಡ್ರೈವರ್ ಕೊಡುವವಳೇ ನಾನು.

ನಿನ್ನ ಜೋಡಿ ನಕ್ಷತ್ರದ ಕಥೆ ನನಗೆ ಬಾಯಿಪಾಠ. ಒಂದು ಕಪ್ಪುಕುಳಿ, ಪಕ್ಕದಲ್ಲೊಂದು ಬಡಪಾಯಿ ನಕ್ಷತ್ರ. ಅದರ ಮೈಯನ್ನು ಇದು ಎಳೆದೆಳೆದು ನುಂಗುತ್ತದೆ, ಎಕ್ಸ್-ರೇ ಕಾರುತ್ತದೆ, ನುಂಗಲಾಗದ್ದನ್ನು ಜೆಟ್ಟಾಗಿ ಉಗುಳುತ್ತದೆ. ಮಾಮೂಲಿ ಬೆಳಕು ಎಲ್ಲ ಕಡೆಗೂ ಅಲುಗುತ್ತದೆ, ಜೆಟ್ಟಿನ ಬೆಳಕು ಒಂದೇ ಓರೆಯಲ್ಲಿ ಹೆಚ್ಚು ಅಲುಗುತ್ತದೆ. ಆ ಓರೆಯನ್ನು ಅಳೆದರೆ ಜೆಟ್ಟಿನೊಳಗಿನ ಕಾಂತಕ್ಷೇತ್ರ ಯಾವ ಕಡೆಗಿದೆಯೆಂದು ತಿಳಿಯುತ್ತದೆ. ಪಾತ್ರೆ ತೊಳೆಯುತ್ತಾ ನೀನು ಹೇಳಿಕೊಟ್ಟಿದ್ದು. ಅಳೆಯುವ ಪೆಟ್ಟಿಗೆಯೊಳಗೆ ಆ ಓರೆಯನ್ನು ತಿರುಗಿಸುವ ಗಾಜಿನ ಬಿಲ್ಲೆಯೊಂದಿದೆಯಲ್ಲ, ಅದನ್ನು ಬಿಚ್ಚಿ, ಒರೆಸಿ, ಮತ್ತೆ ಕೂರಿಸುವುದು ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ.

ಆರು ತಿಂಗಳ ಹಿಂದೆ ಹಾಗೆ ಕೂರಿಸಿದ ದಿನ ನೀನು ಕೆಳಗೆ ಬಂದೆ. ದೂರದರ್ಶಕದಲ್ಲಿ ನಿನಗೆ ನಾಲ್ಕೇ ಗಂಟೆ ಸಿಕ್ಕಿತ್ತು. ಓರೆ ಮೊದಲೇ ಗೊತ್ತಿರುವ ನಕ್ಷತ್ರವೊಂದನ್ನು ನೋಡಿ ಪೆಟ್ಟಿಗೆಯನ್ನು ಪರೀಕ್ಷಿಸಬೇಕು, ಅದಕ್ಕೇ ಒಂದು ಗಂಟೆ ಹೋಗುತ್ತದೆ. ಬಿಲ್ಲೆ ಅಲುಗಿಲ್ಲ ತಾನೇ ಎಂದು ನೀನು ಕೇಳಿದೆ.

“ಗೆರೆಗೆ ಗೆರೆ ಕೂರಿಸಿದೀನಿ. ನನ್ನ ಕೈ ಮೇಲೆ ನಂಬಿಕೆ ಇಲ್ವೇನೆ?” ಅಂದೆ ನಾನು.

ನೀನು ನಕ್ಕು, ಪರೀಕ್ಷೆ ಬಿಟ್ಟು, ನಾಲ್ಕೂ ಗಂಟೆಯನ್ನು ಜೆಟ್ಟಿಗೇ ಕೊಟ್ಟೆ. ಕೈ ಸರಿಯಾಗಿಯೇ ಇತ್ತು ಗುಬ್ಬಿ. ಕಣ್ಣಿಗೆ ಪೊರೆ ಬಂದಿತ್ತು. ಬಂದು ವರ್ಷವಾಗಿತ್ತು. ಹೇಳಿದರೆ ಸೂಕ್ಷ್ಮ ಕೆಲಸದಿಂದ ತೆಗೆದು ಉಗ್ರಾಣಕ್ಕೆ ಹಾಕುತ್ತಾರೆಂದು ಯಾರಿಗೂ ಹೇಳಲಿಲ್ಲ. ಕಳೆದ ತಿಂಗಳು ಚಿಕ್ಕಮ್ಮನ ಮನೆಗೆಂದು ಎಂಟು ದಿನ ರಜೆ ಹಾಕಿದ್ದು ಕಣ್ಣಿನ ಆಪರೇಷನ್‌ಗೆ. ಚಿಕ್ಕಮ್ಮನ ಕೈಯಲ್ಲೂ ಸುಳ್ಳು ಹೇಳಿಸಿದೆ.

ವಾಪಸು ಬಂದಾಗ ಅದೇ ಪೆಟ್ಟಿಗೆ ಧೂಳು ಒರೆಸಲು ಮೇಜಿನ ಮೇಲೆ ಕೂತಿತ್ತು. ಮುಚ್ಚಳ ತೆಗೆದೆ. ಬಿಲ್ಲೆಯ ಗುರುತು ಸೊನ್ನೆಯ ಗೆರೆಯ ಮೇಲೆ ಇರಲಿಲ್ಲ, ಪಕ್ಕದ ಹತ್ತರ ಗೆರೆಯ ಮೇಲಿತ್ತು. ಬಿಲ್ಲೆ ಹತ್ತು ಡಿಗ್ರಿ ಸರಿದರೆ ಬೆಳಕಿನ ಓರೆ ಇಪ್ಪತ್ತು ಡಿಗ್ರಿ ಸರಿಯುತ್ತದೆಂದು ಹೇಳಿಕೊಟ್ಟವಳೂ ನೀನೇ. ಜೆಟ್ ಹಿಂದಿದ್ದ ಕಡೆಯಿಂದ ಹೊರಳಿದೆ ಎಂದು ಆರು ತಿಂಗಳಿಂದ ನೀನು ಕಂಡಕಂಡವರಿಗೆಲ್ಲ ಹೇಳುತ್ತಿದ್ದೀಯಲ್ಲ, ಆ ಹೊರಳು ಎಷ್ಟೆಂದು ನಾನು ಬರೆಯಬೇಕಿಲ್ಲ.

ಆಗಲೇ ಮೇಲೆ ಬಂದು ಹೇಳಬೇಕಿತ್ತು. ಬದಲಿಗೆ ಬಾಗಿಲು ಮುಚ್ಚಿದೆ, ಮೂರು ಸ್ಕ್ರೂ ಸಡಿಲಿಸಿದೆ, ಬಿಲ್ಲೆಯನ್ನು ಸೊನ್ನೆಗೆ ತಂದು ಬಿಗಿಮಾಡಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಇನ್ನು ಮುಂದಿನದೆಲ್ಲ ಸರಿಯಾಗಿರುತ್ತದೆ, ಹಿಂದಿನದು ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ.

ಶುಕ್ರವಾರ ಹೊಸ ಅಳತೆ ಹಿಡಿದು ನೀನು ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದು, ಗ್ರೀಸಿನ ಏಪ್ರನ್ನಿನ ಸಮೇತ ನನ್ನನ್ನು ತಬ್ಬಿಕೊಂಡೆ.

“ಅಮ್ಮ, ಅದು ವಾಪಸ್ ಹೊರಳಿದೆ. ಸರಿಯಾಗಿ ಮೊದಲಿದ್ದ ಕಡೆಗೇ.”

ಪರೀಕ್ಷೆಯ ನಕ್ಷತ್ರ ನೋಡಿದೆಯಾ ಎಂದು ನಾನು ಕೇಳಿದೆ. ನೀನಿರುವಾಗ ಅದ್ಯಾಕಮ್ಮ ಅಂದೆ ನೀನು. ಒಳ್ಳೆಯದಾಯಿತು ಮಗಳೇ ಎಂದು ನಿನ್ನ ಬೆನ್ನು ತಟ್ಟಿದೆ. ನನ್ನ ಜೀವಮಾನದಲ್ಲಿ ಇಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ನೀನು ಹೋದ ಮೇಲೆ ಕೈ ತೊಳೆದೆ, ಮತ್ತೆ ತೊಳೆದೆ, ಸೋಪು ಸವೆದಿದ್ದೇ ಬಂತು.

ಜೆಟ್ ಎಲ್ಲಿಗೂ ಹೊರಳಿಲ್ಲ. ಅದು ತನ್ನಷ್ಟಕ್ಕೆ ಇದ್ದಲ್ಲೇ ಇದೆ. ಸೋಮವಾರ ಸಭೆಯಲ್ಲಿ ನಿಂತು ನೀನು ಅದು ಹೊರಳಿದೆ ಎಂದು ಹೇಳಬಾರದು. ಆ ಭಾಷಣ ಕೇಳಿ ನಿನಗೆ ಕೆಲಸ ಕೊಡಬೇಕೆಂದಿರುವವರು ಮುಂದಿನ ಸಾಲಿನಲ್ಲೇ ಕೂರುತ್ತಾರೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಆರು ತಿಂಗಳ ಹಿಂದಿನ ಅಳತೆಯಿಂದ ಆ ಇಪ್ಪತ್ತನ್ನು ತೆಗೆದುಬಿಡು, ಉಳಿದದ್ದು ಅಪ್ಪಟ. ಆದರೆ ಏನೂ ಬದಲಾಗಿಲ್ಲ ಅನ್ನುವ ಸುದ್ದಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಅಷ್ಟು ಲೋಕಜ್ಞಾನ ನನಗಿದೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ. ಬೈಯಬೇಕು ಅನ್ನಿಸಿದರೆ ಕೆಳಗೆ ಬಾ, ಬಾಗಿಲು ತೆರೆದಿರುತ್ತದೆ.

ಇಂತಿ,
ನಿನ್ನ ಅಮ್ಮ

ಮ.ವಿ.: ಇದನ್ನೆಲ್ಲ ಬೆಳಿಗ್ಗೆಯೇ ನಿನ್ನ ಗೈಡ್ ಮೇಡಂಗೆ ಬರೆದುಕೊಟ್ಟಾಗಿದೆ, ಸಹಿ ಹಾಕಿ. ಮೊದಲು ಹೇಳಬೇಕಾದದ್ದು ನಿನಗೆ, ಗೊತ್ತು. ಮುಚ್ಚಿಡು ಅನ್ನುವವಳಲ್ಲ ನೀನು. ಅಪ್ಪಿತಪ್ಪಿ ಅಂದುಬಿಟ್ಟಿದ್ದರೆ, ಮಗಳೇ, ನಾನು ಸಂತೋಷವಾಗಿ ಮುಚ್ಚಿಡುತ್ತಿದ್ದೆ.